ಮೇಜಿನ ಮೇಲೆ ಯಾರೋ ಇಟ್ಟ ಸೆಂಟು ಬಾಟಲಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಮಂಗಳೂರಿನ ಒಂದು ಕಚೇರಿ, ಜುಲೈ ತಿಂಗಳ ಮಳೆ. ಗ್ರಾಹಕರನ್ನು ಎದುರು ಕೂರಿಸಿಕೊಂಡು ಮಾತಾಡುವ ಕೆಲಸದಲ್ಲಿದ್ದ 24 ವರ್ಷದ ಯುವಕನ ಮೈವಾಸನೆಯ ಬಗ್ಗೆ ಮೂರು ವಾರದಿಂದ ಗುಸುಗುಸು ನಡೆದಿತ್ತು. ಒಂದು ಬೆಳಿಗ್ಗೆ ಯಾರೋ ಅವನ ಮೇಜಿನ ಮೇಲೆ ಸೆಂಟು ಬಾಟಲಿ ಇಟ್ಟರು. ಅವನು ಎರಡು ದಿನ ರಜೆ ಹಾಕಿದ. ಮ್ಯಾನೇಜರ್ ನಮ್ಮ ಸಲಹೆ ಕೇಳಿದ್ದು ಆಗ.

ಆಫೀಸಿನ ವಾಟ್ಸಾಪ್ ಗುಂಪಿಗೆ ‘ಸ್ವಚ್ಛತೆ ಕಾಪಾಡಿ’ ಎಂದು ಹಾಕುವ ಯೋಚನೆ ಅವರದು. ಖಂಡಿತ ಬೇಡ ಎಂದೆವು. ಬಾಟಲಿ ಕಂಡವನಿಗೆ ಅದು ಎಲ್ಲರೆದುರು ಬೀಳುವ ಎರಡನೇ ಏಟು. ‘ಇಷ್ಟು ದಿನ ಅವನಿಗೇ ಗೊತ್ತಾಗಲಿಲ್ಲವೇ?’ ಎಂದು ಕೇಳಿದರು. ತನ್ನ ಮೈವಾಸನೆಗೆ ಮೂಗು ಒಗ್ಗಿಹೋಗಿರುತ್ತದೆ, ಗೊತ್ತಾಗದಿರುವುದೇ ಹೆಚ್ಚು.

ನೇರ ಮೇಲಧಿಕಾರಿ ಒಬ್ಬರೇ ಮಾತಾಡಬೇಕು. ಬಾಗಿಲು ಮುಚ್ಚಿದ ಕೋಣೆ, ಡ್ಯೂಟಿ ಮುಗಿಯುವುದಕ್ಕೆ 15 ನಿಮಿಷ ಮೊದಲು. ಮಾತು ಮುಗಿದ ಮೇಲೆ ಅವನು ಸಹೋದ್ಯೋಗಿಗಳ ಮುಖ ನೋಡದೆ ಮನೆಗೆ ಹೋಗಬಹುದು. ಮೊದಲ ಮಾತನ್ನು ಬರೆದೇ ಕೊಟ್ಟೆವು: “ಹೇಳೋದು ನನಗೂ ಮುಜುಗರ, ಕೇಳೋದು ನಿಮಗೂ ಕಷ್ಟ. ಈಚೆಗೆ ನಿಮ್ಮ ಹತ್ತಿರ ಬಂದಾಗ ಬೆವರಿನ ವಾಸನೆ ಬರ್ತದೆ. ನಾನೇ ಗಮನಿಸಿದೆ. ಆ ಬಾಟಲಿ ಇಟ್ಟದ್ದು ತಪ್ಪು, ಇನ್ನು ಹಾಗಾಗದಂತೆ ನೋಡ್ಕೊಳ್ತೇನೆ.” ಇಷ್ಟು ಹೇಳಿ ಸುಮ್ಮನಿರಬೇಕು. ‘ಎಲ್ಲರೂ ಹೇಳ್ತಾರೆ’ ಬೇಡ. ‘ಸ್ನಾನ ಮಾಡಲ್ವಾ?’ ಬೇಡ. ಊಟ, ಜಾತಿ, ಊರಿನ ಸುದ್ದಿಯಂತೂ ಬರಲೇಕೂಡದು. ಆಮೇಲೆ ಒಂದೇ ಪ್ರಶ್ನೆ: “ರೂಮಲ್ಲಿ ನೀರಿಗೆ, ಬಟ್ಟೆಗೆ ಏನಾದರೂ ತೊಂದರೆ ಇದೆಯಾ?”

ಆ ಪ್ರಶ್ನೆಯಿಂದಲೇ ಗಂಟು ಬಿಚ್ಚಿತು. ದಿನಕ್ಕೆ ಎರಡು ಸಲ ಸ್ನಾನ ಮಾಡುವ ಹುಡುಗ. ಪಿಜಿಯಲ್ಲಿ ಕೋಣೆಗೆ ನಾಲ್ವರು. ಸಮವಸ್ತ್ರದ ಪಾಲಿಯೆಸ್ಟರ್ ಶರ್ಟು ಎರಡೇ. ರಾತ್ರಿ ಹತ್ತಕ್ಕೆ ಒಗೆದು ಫ್ಯಾನಿನ ಕೆಳಗೆ ಹಗ್ಗಕ್ಕೆ ಹಾಕಿದ್ದು ಬೆಳಿಗ್ಗೆಗೂ ಹಸಿ. ಅದನ್ನೇ ತೊಟ್ಟು ಬರುತ್ತಿದ್ದ. ಆಗಷ್ಟೇ ಬಂದ ಬೆವರಿಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಕಂಕುಳಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ನಾತ ಹುಟ್ಟುತ್ತದೆ. ಪಾಲಿಯೆಸ್ಟರು ಮೈಯ ಜಿಡ್ಡನ್ನು ಹತ್ತಿಗಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಶರ್ಟಿನ ಕಂಕುಳ ಹೊಲಿಗೆಯಲ್ಲಿ ಹಳದಿಗಟ್ಟಿ ಬಿರುಸಾದ ಪಟ್ಟಿ ಇತ್ತು. ಮೈಶಾಖಕ್ಕೆ ಅದು ಬೆಚ್ಚಗಾದರೆ ಸಾಕು, ಒಗೆದ ಬಟ್ಟೆಯೂ ನಾರುತ್ತದೆ.

ಒಗೆಯುವ ಕ್ರಮ ಹೀಗೆ ಹೇಳಿದೆವು: ಶರ್ಟನ್ನು ಒಳಹೊರಗು ಮಾಡಿ, ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ಹೊಲಿಗೆಗೆ ಬ್ರಶ್ ಹಾಕಬೇಕು. ಬಟ್ಟೆ ಮೆತ್ತಗಾಗಿಸುವ ಕಂಡೀಷನರ್ ಬೇಡ, ಅದರ ಲೇಪದಡಿ ಜಿಡ್ಡು ಉಳಿಯುತ್ತದೆ. ಪೂರ್ತಿ ಒಣಗದಿದ್ದರೆ ಎರಡೂ ಬದಿ ಇಸ್ತ್ರಿ ಹೊಡೆದೇ ತೊಡಬೇಕು. ಬೆವರು ತಡೆಯುವ ಆಂಟಿಪರ್ಸ್ಪಿರೆಂಟ್ ಹಚ್ಚುವುದಾದರೆ ರಾತ್ರಿ, ಒಣ ಚರ್ಮಕ್ಕೆ. ಕಚೇರಿ ಇನ್ನೆರಡು ಹತ್ತಿಮಿಶ್ರಿತ ಶರ್ಟು ಕೊಡಲಿ ಎಂದೆವು, ಕೊಟ್ಟರು. ಇದು ಅವನೊಬ್ಬನ ತಪ್ಪಲ್ಲ, ಕರಾವಳಿಯ ಮಳೆಗಾಲಕ್ಕೆ ಎರಡು ಶರ್ಟು ಎಲ್ಲಿಗೆ ಸಾಕು?

ಎರಡು ವಾರದಲ್ಲೂ ಕಡಿಮೆಯಾಗದಿದ್ದರೆ ಚರ್ಮವೈದ್ಯರು. ವಾಸನೆ ದಿಢೀರನೆ ಬದಲಾಗಿ, ಜೊತೆಗೆ ಬಾಯಾರಿಕೆ, ತೂಕ ಇಳಿಕೆ ಇದ್ದರೆ ತಡಮಾಡದೆ ಸಕ್ಕರೆ ಪರೀಕ್ಷೆ. ಸ್ನಾನವನ್ನೇ ಬಿಟ್ಟಿದ್ದರೆ ಮಾತಿನ ದಾರಿಯೇ ಬೇರೆ: ಮೊದಲು ನಿದ್ದೆ, ಊಟ, ಮನಸ್ಸನ್ನು ವಿಚಾರಿಸಬೇಕು. ಖಿನ್ನತೆಯಲ್ಲಿ ಒಂದು ತಂಬಿಗೆ ನೀರು ಎತ್ತುವುದೂ ಭಾರ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಹೆಚ್ಚಿನವರು ಮರೆಯುವುದು ಒಂದಿದೆ. ವಾಸನೆ ಹೋದ ಮೇಲೆ ಅದನ್ನೂ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಅವನು ಬಾತ್‌ರೂಮಿಗೆ ಹೋಗಿ ಹೋಗಿ ತೋಳು ಮೂಸಿಕೊಳ್ಳುತ್ತಲೇ ಇರುತ್ತಾನೆ. ಹದಿನೈದನೇ ದಿನ ಮ್ಯಾನೇಜರ್ ಅವನನ್ನು ಕರೆದು, “ಈಗ ಇಲ್ಲ, ನಿಶ್ಚಿಂತೆಯಿಂದ ಇರಿ” ಎಂದರು.