ದನ ಮೇಯಿಸುವ ರೀತಿ ಬದಲಾಯಿಸಿದರೆ ಮಣ್ಣಿನಲ್ಲಿ ಇಂಗಾಲ ನಿಜವಾಗಿ ಕೂಡುತ್ತಾ? ದನ ತೇಗಿನಲ್ಲಿ ಬಿಡುವ, ಭೂಮಿಯನ್ನು ಬಿಸಿ ಮಾಡುವ ಮಿಥೇನ್ ಅನಿಲಕ್ಕೆ ಅದು ಸರಿಹೋಗುತ್ತಾ?

ಮೊದಲನೆಯದಕ್ಕೆ ಹೌದು, ಅದೂ ಹುಲ್ಲುಗಾವಲು ಈಗಾಗಲೇ ಸೊರಗಿದ್ದರೆ. ಎರಡನೆಯದಕ್ಕೆ ಇಲ್ಲ.

ಮಣ್ಣಿನ ಮಾದರಿ ತೆಗೆಯುವುದು ನನ್ನ ಕೆಲಸ, ಹಾಗಾಗಿ ಬೇರಿನಿಂದಲೇ ಶುರು ಮಾಡುತ್ತೇನೆ. ಎಲ್ಲರೂ ಸಗಣಿ ಸಗಣಿ ಅನ್ನುತ್ತಾರೆ, ಆದರೆ ಸಗಣಿ ಅಂದರೆ ಅದೇ ಜಾಗದ ಹುಲ್ಲು ತಾನೇ, ಹೊಸ ಇಂಗಾಲ ಅದರಲ್ಲಿ ಎಲ್ಲಿಂದ ಬರಬೇಕು? ಗಾಳಿಯಿಂದ ಎಳೆದು ಮಣ್ಣಿಗಿಳಿಸುವುದು ಹುಲ್ಲು, ಹೆಚ್ಚಾಗಿ ಬೇರಿನ ಮೂಲಕ. ಮೇಯ್ದ ಹುಲ್ಲು ಚೇತರಿಸಿಕೊಳ್ಳುವ ಮೊದಲೇ ದನ ಮತ್ತೆ ಬಾಯಿ ಹಾಕಿದರೆ ಅದು ಇದ್ದಬದ್ದ ಶಕ್ತಿಯನ್ನೆಲ್ಲ ಚಿಗುರಿಗೇ ಹಾಕುತ್ತದೆ, ಬೇರು ಕುಗ್ಗುತ್ತದೆ, ನೆಲ ಬೋಳಾಗುತ್ತದೆ. ಅಂಥ ಒಂದು ಬುಡವನ್ನು ಸಲಿಕೆಯಲ್ಲಿ ಎತ್ತಿ ನೋಡಿ, ಬೇರು ಗಿಡ್ಡ, ಮಣ್ಣು ಹೆಂಟೆ ಹೆಂಟೆಯಾಗಿ ಕಳಚಿ ಬೀಳುತ್ತದೆ. ಬಿಡುವು ಸಿಕ್ಕ ಹುಲ್ಲಿನಲ್ಲಿ ಮಣ್ಣು ಕಾಳು ಕಾಳಾಗಿ ಬೇರಿಗೆ ಕಚ್ಚಿಕೊಂಡಿರುತ್ತದೆ, ಕೊಡವಿದರೂ ಬೇಗ ಬಿಡುವುದಿಲ್ಲ. ಇಂಗಾಲ ಬಹುಕಾಲ ಉಳಿಯುವುದು ಅಲ್ಲೇ, ಜೇಡಿಯ ಕಣಗಳಿಗೆ ಅಂಟಿಕೊಂಡು.

ಹಾಗಾಗಿ ಮಾಡಬೇಕಾದ್ದು ಸರಳ. ದನದ ಸಂಖ್ಯೆ ಹುಲ್ಲಿಗೆ ತಕ್ಕಂತೆ ಇರಲಿ. ಎಷ್ಟು ದಿನ ಬಿಡುವು ಅನ್ನುವುದನ್ನು ಕ್ಯಾಲೆಂಡರ್ ನೋಡಿ ಅಲ್ಲ, ಹುಲ್ಲು ನೋಡಿ ತೀರ್ಮಾನಿಸಿ. ಹಳೆಯ ಹುಲ್ಲುಗಾವಲನ್ನಂತೂ ಉಳಬೇಡಿ, ದಶಕಗಳಲ್ಲಿ ಕೂಡಿದ್ದು ಕೆಲವೇ ವರ್ಷಗಳಲ್ಲಿ ಹೋಗಿಬಿಡುತ್ತದೆ.

ಈಗ ಲೆಕ್ಕ. ಒಂದು ಹೆಕ್ಟೇರಿನ ಮೇಲಿನ 30 ಸೆಂ.ಮೀ. ಮಣ್ಣು ಸುಮಾರು 3,900 ಟನ್ ತೂಗುತ್ತದೆ ಅಂದುಕೊಳ್ಳಿ. ಅದರಲ್ಲಿ ಇಂಗಾಲದ ಪಾಲು, ಉದಾಹರಣೆಗೆ, ಶೇ. 1ರಿಂದ 1.1ಕ್ಕೆ ಏರಿದರೆ 3.9 ಟನ್ ಆಯಿತು, ಕಾರ್ಬನ್ ಡೈಆಕ್ಸೈಡ್ ಲೆಕ್ಕದಲ್ಲಿ 14 ಟನ್ ಚಿಲ್ಲರೆ. ಕೇಳೋಕೆ ಜಾಸ್ತಿ ಅನ್ನಿಸುತ್ತೆ, ಅಲ್ವಾ? ಆದರೆ ಅಷ್ಟು ಏರಲು ಹಲವು ವರ್ಷ ಬೇಕು, ಮತ್ತು ಒಂದೇ ಹೊಲದಲ್ಲಿ ನಾಲ್ಕು ಹೆಜ್ಜೆ ಆಚೆ ತೆಗೆದ ಮಾದರಿಯಲ್ಲೇ ಅದಕ್ಕಿಂತ ಹೆಚ್ಚು ವ್ಯತ್ಯಾಸ ಸಿಗುತ್ತದೆ. ಮೇಲಾಗಿ ಕೆಲವು ದಶಕ ಕಳೆದರೆ ಮಣ್ಣು ತುಂಬಿಕೊಂಡು ಏರಿಕೆ ನಿಲ್ಲುತ್ತದೆ. ದನ ಇರುವಷ್ಟು ದಿನ ಮಿಥೇನ್ ಮಾತ್ರ ಬರುತ್ತಲೇ ಇರುತ್ತದೆ.

ಜಿಂಬಾಬ್ವೆಯ ಪರಿಸರ ತಜ್ಞ ಆಲನ್ ಸೇವರಿ 2013ರಲ್ಲಿ ಟೆಡ್ ಎಂಬ ಉಪನ್ಯಾಸ ವೇದಿಕೆಯಲ್ಲಿ ಮಾತಾಡಿದ ಮೇಲೆ ದನದಿಂದಲೇ ಹವಾಮಾನ ಸರಿಹೋಗುತ್ತದೆ ಅನ್ನುವ ವಾದ ಜೋರಾಯಿತು. 2017ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರ ಗುಂಪೊಂದು ತಂದ ವರದಿಯ ಪ್ರಕಾರ, ತುಂಬಾ ಧಾರಾಳವಾಗಿ ಲೆಕ್ಕ ಹಾಕಿದರೂ, ಮೇಯುವ ಜಾನುವಾರುಗಳಿಂದ ಬರುವ, ಭೂಮಿ ಬಿಸಿ ಮಾಡುವ ಅನಿಲಗಳಲ್ಲಿ ಶೇ. 20ರಿಂದ 60ರಷ್ಟನ್ನು ಮಾತ್ರ ಮಣ್ಣು ಸರಿದೂಗಿಸಬಹುದು. ನನಗೆ ಇದೇ ಸರಿ ಅನ್ನಿಸುತ್ತದೆ.

ಕಾರ್ಬನ್ ಕ್ರೆಡಿಟ್ ಅಂತ, ಅಂದರೆ ಮಣ್ಣಿನಲ್ಲಿ ಕೂಡಿದ ಇಂಗಾಲಕ್ಕೆ ದುಡ್ಡು ಕೊಡುತ್ತೇವೆ ಅಂತ, ಯಾರಾದರೂ ಬಂದರೆ ಸುಮ್ನೆ ಸಹಿ ಹಾಕಬೇಡಿ. ಎಷ್ಟು ಆಳಕ್ಕೆ ಅಳೆಯುತ್ತೀರಿ, ಮಣ್ಣಿನ ಸಾಂದ್ರತೆಯನ್ನೂ ಲೆಕ್ಕಕ್ಕೆ ತಗೊಳ್ತೀರಾ ಅಂತ ಕೇಳಿ. ದನ ತುಳಿದು ನೆಲ ಗಟ್ಟಿಯಾದರೆ ಅದೇ 30 ಸೆಂ.ಮೀ.ನಲ್ಲಿ ಮಣ್ಣೇ ಜಾಸ್ತಿ ಇರುತ್ತದೆ, ಏನೂ ಕೂಡದಿದ್ದರೂ ಕಾಗದದ ಮೇಲೆ ಇಂಗಾಲ ಏರಿದಂತೆ ಕಾಣುತ್ತದೆ.