ಲಾಂಚ್ ನಿಲ್ಲಿಸದೆ ಸೇತುವೆ ಕಟ್ಟುವ ಕೆಲಸ

ಪ್ರೀತಿಯ ತಮ್ಮಾ,

ನೀನು ಬರೆದದ್ದನ್ನು ಎರಡು ಸಲ ಓದಿದೆ. ಸಾಗರದ ಹುಡುಗ, ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಲ್ಲಿ 4 ವರ್ಷ ದುಡಿದಿದ್ದೀಯ. ಈಗ ಜರ್ಮನಿಯ ಕಲೋನ್‌ನ ಒಂದು ವಿಮಾ ಕಂಪನಿಯಿಂದ ಆಫರ್ ಬಂದಿದೆ. ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿರುವ ಅವರ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಾ ನಿಧಾನಕ್ಕೆ ಅದನ್ನು ಜಾವಾ ಎಂಬ ಹೊಸ ಭಾಷೆಗೆ ದಾಟಿಸುವ ಕೆಲಸ. "ಮೇಂಟೆನೆನ್ಸ್‌ಗೆ ಹೋದರೆ ಕೆರಿಯರ್ ಮುಗೀತು ಅಂತ ಗೆಳೆಯರು ಹೇಳ್ತಾರೆ ಅಕ್ಕ. ಜರ್ಮನ್ ಬರದೆ ಬದುಕಬಹುದಾ? ಒಂಟಿ ಅನ್ನಿಸುತ್ತಾ?" ಎಂದು ಕೇಳಿದ್ದೀಯ. ನಾನು ಶರಾವತಿ ಹೊಳೆಯಾಚೆ ತುಮರಿ ಕಡೆಯವಳು. ಇಲ್ಲಿಗೆ ಬಂದು 16 ವರ್ಷವಾಯಿತು, ಅಷ್ಟೂ ವರ್ಷ ಇದೇ ಬಗೆಯ ಕೆಲಸ ಮಾಡಿದ್ದೇನೆ. ನಿನ್ನ ಮೂರು ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ ಅನ್ನಿಸುತ್ತದೆ, ಅದಕ್ಕೇ ಕೆಲಸದಿಂದಲೇ ಶುರು ಮಾಡುತ್ತೇನೆ.

ಕೋಬಾಲ್ ಭಾಷೆ ರೂಪುಗೊಂಡದ್ದು 1959ರಲ್ಲಿ. ಇಷ್ಟು ಹಳೆಯದನ್ನು ಯಾಕೆ ಇಟ್ಟುಕೊಂಡಿದ್ದಾರೆ ಎಂದು ನಿನ್ನ ಗೆಳೆಯರು ಕೇಳುತ್ತಾರೆ. ವಿಮೆಯ ಲೆಕ್ಕ ಹಾಕಿ ನೋಡು. 25ನೇ ವಯಸ್ಸಿಗೆ ಮಾಡಿಸಿದ ಜೀವವಿಮೆ 65ರವರೆಗೆ ನಡೆಯುತ್ತದೆ. 1995ರಲ್ಲಿ ಸಹಿ ಹಾಕಿದವನ ಪಾಲಿಸಿ ಇವತ್ತಿಗೂ ಜೀವಂತ. ಅವನಿಗೆ ಕೊಟ್ಟ ಮಾತು ಕಾಗದದಲ್ಲಿ ಇರುವಷ್ಟೇ ಆ ಕೋಡ್‌ನಲ್ಲೂ ಇದೆ. ಪ್ರತಿ ರಾತ್ರಿ ಲೆಕ್ಕವನ್ನೆಲ್ಲ ಒಟ್ಟಿಗೆ ಮುಗಿಸುವ ಬ್ಯಾಚ್ ಓಡುವಾಗ ಆ ಮಾತನ್ನು ಪೈಸೆ ಪೈಸೆ ನಡೆಸಿಕೊಡುತ್ತಿರುವುದು ಅದೇ ಕೋಡ್. ಮ್ಯಾನಿ ಲೇಮನ್ ಎಂಬ ವಿದ್ವಾಂಸರು ಬೆಲಾಡಿ ಎಂಬವರ ಜೊತೆ ಐಬಿಎಂನ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಂ ಹೇಗೆ ಬೆಳೆಯುತ್ತಾ ಹೋಯಿತು ಎಂದು ಅಳೆದು ನೋಡಿದರು. 1970ರ ದಶಕದಲ್ಲಿ ಲೇಮನ್ ಎರಡು ನಿಯಮ ಹೇಳಿದರು. ಬಳಕೆಯಲ್ಲಿರುವ ವ್ಯವಸ್ಥೆಯನ್ನು ಬದಲಿಸುತ್ತಲೇ ಇರಬೇಕು, ಇಲ್ಲವಾದರೆ ಅದರ ಉಪಯೋಗ ಕಡಿಮೆಯಾಗುತ್ತಾ ಹೋಗುತ್ತದೆ. ಬದಲಿಸಿದಷ್ಟೂ ಅದು ಜಟಿಲವಾಗುತ್ತದೆ, ಜಟಿಲತೆ ಇಳಿಸಲೆಂದೇ ಬೇರೆ ದುಡಿಯಬೇಕು. ಅಡಿಕೆ ತೋಟ ಕಂಡವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರತಿ ವರ್ಷ ಮಳೆಗೆ ಮೊದಲು ಬಸಿಗಾಲುವೆ ಎತ್ತಿಸದಿದ್ದರೆ ಏನಾಗುತ್ತದೆ ಎಂದು ನಿನಗೆ ಗೊತ್ತು.

ನಾನು ಬಂದ ಎರಡನೇ ವರ್ಷದ ಒಂದು ಸಂಗತಿ ಹೇಳುತ್ತೇನೆ. ಹಳೆಯ ಪಾಲಿಸಿಗಳ ಜರ್ಮನ್ ಮಾರ್ಕ್ ಮೊತ್ತವನ್ನು ಯೂರೋಗೆ ತಿರುಗಿಸುವ ಒಂದು ಪ್ರೋಗ್ರಾಂ. ಒಂದು ಯೂರೋಗೆ 1.95583 ಮಾರ್ಕ್ ಎಂದು 1999ರ ಜನವರಿ 1ರಿಂದ ಸ್ಥಿರವಾದ ದರ. ಕೋಬಾಲ್‌ನಲ್ಲಿ ಭಾಗಾಕಾರ ಇತ್ತು. ಜಾವಾದಲ್ಲಿ ಬರೆಯುವಾಗ ನಾನು ದರವನ್ನು ತಿರುವಿ, ಒಂದು ಮಾರ್ಕ್‌ಗೆ 0.51129 ಯೂರೋ ಎಂದು ಗುಣಿಸುವ ಹಾಗೆ ಮಾಡಿದೆ. ಕೋಡ್ ಚಿಕ್ಕದಾಯಿತು, ಓದಲೂ ಚೆಂದ. ಹಳೆಯದರ ಉತ್ತರ, ಹೊಸದರ ಉತ್ತರ ಎದುರುಬದುರು ಇಟ್ಟಾಗ 1,00,000 ಮಾರ್ಕ್‌ನ ಪಾಲಿಸಿಗೆ ಹಳೆಯದು 51,129.19 ಯೂರೋ ಕೊಟ್ಟಿತು, ನನ್ನದು 51,129.00. 19 ಸೆಂಟು ವ್ಯತ್ಯಾಸ. ಹಳೆಯದೇ ತಪ್ಪಿರಬೇಕು ಎಂದು ಎರಡು ದಿನ ಅದರ ಒಳಗೆ ಹುಡುಕಿದೆ. ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದ ಹಿರಿಯರೊಬ್ಬರು ಕಾಫಿ ಕಪ್ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. ದರವನ್ನು ಆರೂ ಅಂಕಿ ಬಿಡದೆ ಬಳಸಬೇಕು, ತಿರುವುಮುರುವು ಮಾಡಿದ ದರವನ್ನು ಬಳಸಲೇಬಾರದು ಎಂದು ಯುರೋಪಿನ ಕಾನೂನೇ ಇದೆ ಎಂದರು. ಕೋಡ್‌ನಲ್ಲಿ ಕಾರಣ ವಿವರಿಸುವ ಒಂದು ಸಾಲಿನ ಕಾಮೆಂಟೂ ಇರಲಿಲ್ಲ, ಇದ್ದದ್ದು ಅವರ ತಲೆಯಲ್ಲಿ. ಅವರು ಅದನ್ನು ಹೇಳಿದ್ದು ಜರ್ಮನ್‌ನಲ್ಲಿ. ಆಗ ನನಗೆ ಅರ್ಧ ಮಾತ್ರ ಅರ್ಥವಾಯಿತು, ಇನ್ನರ್ಧವನ್ನು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು.

ಅವತ್ತು ನೆನಪಾದದ್ದು ನಮ್ಮ ತೋಟ. ಮೇಲಿನ ಮೂಲೆಯಲ್ಲಿ ಬೇಸಿಗೆಯಲ್ಲಿ ಹನಿ ನೀರೂ ಹರಿಯದ ಒಂದು ಕಾಲುವೆ ಇತ್ತು. ಜಾಗ ದಂಡ ಎಂದು ಚಿಕ್ಕಪ್ಪ ಅದನ್ನು ಮುಚ್ಚಿಸಿ ಸಸಿ ನೆಟ್ಟರು. ಆ ವರ್ಷದ ಆಷಾಢದಲ್ಲಿ ಗುಡ್ಡದ ನೀರೆಲ್ಲ ತೋಟಕ್ಕೇ ಇಳಿದು ಎರಡು ಸಾಲು ಮರ ಬುಡದಲ್ಲೇ ಕೊಳೆತವು. ಅಜ್ಜ ಅದನ್ನು ತೋಡಿಸಿದ್ದು ಯಾವ ಮಳೆಗೆ ಎಂದು ಯಾರೂ ಕೇಳಿಟ್ಟುಕೊಂಡಿರಲಿಲ್ಲ.

ಬರೆದಿಟ್ಟ ನಕ್ಷೆ ಸಿಕ್ಕರೆ ಅದು ದೊಡ್ಡ ಭಾಗ್ಯ. ಇಲ್ಲಿ ಕಲೋನ್‌ನ ದೊಡ್ಡ ಚರ್ಚ್ ಕಟ್ಟಲು ಶುರು ಮಾಡಿದ್ದು 1248ರಲ್ಲಿ. ಮಧ್ಯೆ ಶತಮಾನಗಟ್ಟಲೆ ಕೆಲಸ ನಿಂತಿತ್ತು. ಮುಂಭಾಗದ ಮೂಲ ಚಿತ್ರದ ಒಂದು ಅರ್ಧ 1814ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಸಿಕ್ಕಿತು, ಇನ್ನೊಂದರ್ಧ 1816ರಲ್ಲಿ ಪ್ಯಾರಿಸ್‌ನಲ್ಲಿ. ಆ ಚಿತ್ರದ ಪ್ರಕಾರವೇ ಗೋಪುರಗಳನ್ನು ಎತ್ತಿ 1880ರಲ್ಲಿ ಮುಗಿಸಿದರು. ಇವತ್ತಿಗೂ ಅದರ ಕಲ್ಲುಕುಟಿಗರು ದಿನಾ ರಿಪೇರಿ ಮಾಡುತ್ತಿದ್ದಾರೆ. ನಮ್ಮ ಕಸುಬಿನಲ್ಲಿ ಅಂಥ ಚಿತ್ರ ಸಿಗುವುದು ಅಪರೂಪ, ಮನುಷ್ಯರನ್ನೇ ಕೇಳಬೇಕು.

ಇನ್ನು ಹೊಸದಕ್ಕೆ ದಾಟುವ ವಿಷಯ. ಎಲ್ಲವನ್ನೂ ಹೊಸದಾಗಿ ಬರೆದು ಒಂದು ಶನಿವಾರ-ಭಾನುವಾರದಲ್ಲಿ ಬದಲಿಸಿಬಿಡೋಣ ಎನ್ನುವವರು ಪ್ರತಿ ಆಫೀಸಿನಲ್ಲೂ ಇರುತ್ತಾರೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಸುಮಾರು 50 ಲಕ್ಷ ಗ್ರಾಹಕರ ಖಾತೆಗಳನ್ನು ಹಾಗೆ ಹೊಸ ವ್ಯವಸ್ಥೆಗೆ ಸಾಗಿಸಿತು. 19 ಲಕ್ಷದಷ್ಟು ಜನರಿಗೆ ತಮ್ಮ ಖಾತೆಯೇ ತೆರೆಯಲಿಲ್ಲ. ಎಲ್ಲ ಸರಿಹೋಗಲು ಡಿಸೆಂಬರ್ ಆಯಿತು. 2022ರಲ್ಲಿ ನಿಯಂತ್ರಕರು 4 ಕೋಟಿ 86 ಲಕ್ಷ ಪೌಂಡ್‌ಗೂ ಹೆಚ್ಚು ದಂಡ ಹಾಕಿದರು. ಸಂಬಳ ಬಂದ ದಿನ ಅಕ್ಕಿ ತರಲು ಹೋಗಿ ಕಾರ್ಡ್ ನಡೆಯದೆ ನಿಂತವರನ್ನು ನೆನೆಸಿಕೋ. ದಂಡದ ಮೊತ್ತಕ್ಕಿಂತ ನನ್ನನ್ನು ಕಾಡುವುದು ಅವರು.

ನಮ್ಮೂರ ಸೇತುವೆಯನ್ನು ನೋಡು. ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿನಲ್ಲಿ ಕಂಬ ಏಳುತ್ತಿದ್ದ ಅಷ್ಟೂ ವರ್ಷ ಪಕ್ಕದಲ್ಲೇ ಜನರನ್ನು ದಾಟಿಸುವ ದೋಣಿ, ನಮ್ಮ ಲಾಂಚ್, ಓಡುತ್ತಿತ್ತು. ಶಾಲೆಯ ಮಕ್ಕಳು, ಸಿಗಂದೂರಿನ ಭಕ್ತರು, ಆಸ್ಪತ್ರೆಗೆ ಹೊರಟ ಬಸುರಿ ಎಲ್ಲರೂ ಅದರಲ್ಲೇ ದಾಟಿದರು. 2025ರ ಜುಲೈ 14ರಂದು 2.44 ಕಿಲೋಮೀಟರ್ ಸೇತುವೆ ತೆರೆಯಿತು. ಒಂದು ದಿನವಾದರೂ "ಸೇತುವೆ ಆಗುವವರೆಗೆ ದಾಟಬೇಡಿ" ಎಂದು ಯಾರೂ ಹೇಳುವಂತಿರಲಿಲ್ಲ. ನಾವು ಮಾಡುವುದೂ ಹೀಗೆಯೇ. ಮೊದಲು ಹಳೆಯ ಪ್ರೋಗ್ರಾಂಗೆ ನಿಜವಾದ ಪಾಲಿಸಿಗಳನ್ನು ಕೊಟ್ಟು, ಅದು ಏನು ಉತ್ತರ ಕೊಡುತ್ತದೋ ಅದನ್ನು ಸರಿ ತಪ್ಪು ಎನ್ನದೆ ಹಾಗೇ ದಾಖಲಿಸುತ್ತೇವೆ. ಆಮೇಲೆ ಒಂದು ಸಣ್ಣ ಭಾಗ, ವಿಳಾಸ ಬದಲಾವಣೆಯಂಥದ್ದು, ಹೊಸದಕ್ಕೆ. ತಿಂಗಳುಗಟ್ಟಲೆ ಎರಡನ್ನೂ ಒಟ್ಟಿಗೆ ಓಡಿಸಿ ಸೆಂಟು ಸೆಂಟು ತಾಳೆ ನೋಡುತ್ತೇವೆ. ವ್ಯತ್ಯಾಸ ಬಂದರೆ ಕಾರಣ ಗೊತ್ತಾಗುವವರೆಗೆ ಮುಂದಿನ ಭಾಗ ಮುಟ್ಟುವುದಿಲ್ಲ. ಬೇಸರದ ಕೆಲಸ ಎನ್ನುವವರಿದ್ದಾರೆ. ನನಗೆ ಮಾತ್ರ ಒಂದು ಭಾಗ ಹಾಗೆ ದಾಟಿ, ಹೊರಗಿನ ಯಾರಿಗೂ ಗೊತ್ತೇ ಆಗದ ಸೋಮವಾರ ಬೆಳಿಗ್ಗೆ ಸಿಗುವ ಸಮಾಧಾನ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಕೆರಿಯರ್ ಮುಗಿಯುವುದಿಲ್ಲ ಮಾರಾಯ. ಓದಿ ಅರ್ಥಮಾಡಿಕೊಳ್ಳಬಲ್ಲವನು ಯಾವ ಭಾಷೆಯ ಕೋಡ್‌ಗೂ ಬೇಕು.

ಜರ್ಮನ್ ಬಗ್ಗೆ. ಅಂಗಡಿ, ರೈಲು, ಆಫೀಸಿನ ಮೀಟಿಂಗ್ ಎಲ್ಲ ಇಂಗ್ಲಿಷಿನಲ್ಲಿ ನಡೆದೀತು. ಆದರೆ ಕೋಡ್‌ನ ಹೆಸರುಗಳೇ ಜರ್ಮನ್: ಕಂತಿಗೆ ಬೈಟ್ರಾಗ್, ಒಪ್ಪಂದಕ್ಕೆ ಫೆರ್‌ಟ್ರಾಗ್, ಅದೂ ಉದ್ದದ್ದನ್ನೆಲ್ಲ ಎಂಟಕ್ಷರಕ್ಕೆ ಮೊಟಕುಗೊಳಿಸಿದ್ದು. ಹಿರಿಯರು ಮುಖ್ಯವಾದದ್ದನ್ನು ಹೇಳುವುದು ಊಟದ ಹೊತ್ತಿಗೆ, ತಮ್ಮ ಭಾಷೆಯಲ್ಲಿ. ಬರುವ ಮೊದಲೇ ಜರ್ಮನ್ ಕಲಿಕೆಯ ಮೊದಲ ಹಂತವಾದ ಎ1 ಮುಗಿಸು, ಬಂದ ಮೇಲೆ ಬಿಡಬೇಡ. ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಇದ್ದವರಿಗೆ ಮೂರನೇ ಹಂತವಾದ ಬಿ1 ಆದರೆ 21 ತಿಂಗಳಿಗೇ ಖಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು, ಎ1 ಮಾತ್ರವಾದರೆ 27. ಮನೆಗೆ ಬಂದು ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಮನೆಮಾಲೀಕರ ಸಹಿ ಇರುವ ಪತ್ರ ಕೇಳಿ ಪಡೆದುಕೋ.

ಒಂಟಿತನ ಇರುತ್ತದೆ, ಮುಚ್ಚಿಡುವುದಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲೆ, ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ನಮ್ಮ ಮಳೆಗಾಲದಲ್ಲಿ ಹೆಂಚಿನ ಮೇಲಿನ ಸದ್ದಾದರೂ ಜೊತೆಗಿರುತ್ತದೆ, ಇಲ್ಲಿನ ಚಳಿಗೆ ಸದ್ದೇ ಇಲ್ಲ. ಮೊದಲ ಎರಡು ವರ್ಷ ಅಮ್ಮ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಸುಮ್ಮನೆ ತೆಗೆದು ಮೂಸಿ ನೋಡುತ್ತಿದ್ದೆ. ಅದನ್ನು ದಾಟಿಸಿದ್ದು ಕನ್ನಡದ ಗೆಳೆಯರಷ್ಟೇ ಅಲ್ಲ, ಆ 19 ಸೆಂಟಿನ ಹಿರಿಯರು. ಒಂದು ಭಾನುವಾರ ಮನೆಗೆ ಕರೆದು ಹೆಂಡತಿಯ ಕೈಯಿಂದ ಸೇಬಿನ ಕೇಕ್ ಕೊಡಿಸಿದರು, ತಮ್ಮ ತೋಟದ ಮರಗಳನ್ನು ಒಂದೊಂದಾಗಿ ತೋರಿಸಿದರು. ನಾನು ನಮ್ಮ ಅಡಿಕೆ ಮರದ ಫೋಟೋ ತೋರಿಸಿದೆ.

ಗುರುವಾರ ಅವರ ಜೊತೆ ಮತ್ತೊಂದು ಕರೆ ಇದೆ ಎಂದಿದ್ದೀಯ. ಸಂಬಳ, ರಜೆ ಕೇಳು. ವಾರಕ್ಕೆ ಐದು ದಿನ ದುಡಿಯುವವರಿಗೆ ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ 20 ದಿನ, ಹೆಚ್ಚಿನ ಕಡೆ 30 ಕೊಡುತ್ತಾರೆ. ಹಳೆಯದು ಹೊಸದು ಎಷ್ಟು ಕಾಲ ಜೊತೆಯಾಗಿ ಓಡುತ್ತವೆ ಎಂದೂ ಕೇಳು. ಕೊನೆಗೆ, ಈ ವ್ಯವಸ್ಥೆ ಬರೆದವರಲ್ಲಿ ಇನ್ನೂ ಯಾರು ಕೆಲಸದಲ್ಲಿದ್ದಾರೆ, ಅವರ ನಿವೃತ್ತಿ ಯಾವಾಗ ಎಂದು ಕೇಳು. ಮುಂದಿನ ವರ್ಷ ಎಂದರೆ ಸೇರುವ ದಿನಾಂಕವನ್ನು ಇನ್ನೂ ಮುಂಚೆಯೇ ಇಡಿಸಿಕೊಂಡು ಬೇಗ ಬಾ.