ಮಕ್ಕಳ ತಪ್ಪು ಉತ್ತರಗಳಿಂದಲೇ ತಯಾರಿ ಶುರುವಾಗಲಿ

ದಾವಣಗೆರೆಯ ಓದುಗರೊಬ್ಬರ ಪತ್ರ: ‘ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಓದುತ್ತಿದ್ದೇನೆ. ಇಂಟರ್ನ್‌ಶಿಪ್‌ಗೆ ನಗರದ ಹೈಸ್ಕೂಲಿಗೆ ಹೋಗಬೇಕು. ಒಂದೇ ತರಗತಿಯಲ್ಲಿ ಟ್ಯೂಷನ್‌ನಲ್ಲಿ ಪಾಠ ಮುಗಿಸಿ ಬಂದವರೂ ಭಾಗಾಕಾರ ಬಾರದವರೂ ಇರುತ್ತಾರಂತೆ. ಪಾಠಯೋಜನೆ ಬರೆದದ್ದೇ ಬಂತು, ಧೈರ್ಯ ಬಂದಿಲ್ಲ. ಗಣಿತ, ವಿಜ್ಞಾನ ಕಲಿಸಲು ಹೇಗೆ ತಯಾರಾಗಲಿ?’

ಸಂಪಾದಕರ ಉತ್ತರ:

ಪಾಠಯೋಜನೆ ಬೇಕೇ ಬೇಕು. ಆದರೆ ಅದರಲ್ಲಿ ಮಕ್ಕಳು ಸಾಮಾನ್ಯವಾಗಿ ಸರಿ ಉತ್ತರವನ್ನೇ ಕೊಡುತ್ತಾರೆ. ನಿಜವಾದ ತರಗತಿಯಲ್ಲಿ ಹಾಗಾಗುವುದಿಲ್ಲ. ಆದ್ದರಿಂದ ಪ್ರತಿ ಪಾಠಕ್ಕೂ ಮಕ್ಕಳು ಕೊಡಬಹುದಾದ ತಪ್ಪು ಉತ್ತರಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ವಿಷಯ ಗೊತ್ತಿರುವುದು ಬೇರೆ, ಅದನ್ನು ಕಲಿಸಲು ಗೊತ್ತಿರುವುದು ಬೇರೆ ಎಂದು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ವಾದಿಸಿದರು. ಮಕ್ಕಳು ಎಲ್ಲಿ ಎಡವುತ್ತಾರೆ ಎಂಬ ಅರಿವನ್ನೂ ಅವರು ಈ ಎರಡನೆಯದಕ್ಕೇ ಸೇರಿಸಿದರು.

1/2 + 1/3 = 2/5 ಎಂದು ಬರೆದ ಹುಡುಗನ ಪುಸ್ತಕದಲ್ಲಿ ಕೆಂಪು ಗೀಟು ಎಳೆದರೆ ನಾಳೆಯೂ ಅದನ್ನೇ ಬರೆಯುತ್ತಾನೆ. ‘ಐದನೇ ಎರಡು ಅರ್ಧಕ್ಕಿಂತ ಹೆಚ್ಚೋ ಕಮ್ಮಿಯೋ? ಅರ್ಧಕ್ಕೆ ಇನ್ನಷ್ಟು ಕೂಡಿಸಿದ ಮೇಲೆ ಕಮ್ಮಿ ಹೇಗಾಯಿತು?’ ಎಂದು ಕೇಳಿ, ಸುಮ್ಮನಿರಿ. ಅವನೇ ತಡವರಿಸಿ, ಯೋಚನೆಗೆ ಬೀಳುತ್ತಾನೆ.

ಇನ್ನು ಟ್ಯೂಷನ್ ಮಕ್ಕಳ ವಿಷಯ. ಒಂದೇ ತಂತಿಯಲ್ಲಿ ಎರಡು ಟಾರ್ಚ್ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ, ಸ್ವಿಚ್ ಹಾಕುವ ಮೊದಲು ‘ಯಾವುದು ಹೆಚ್ಚು ಬೆಳಗುತ್ತದೆ?’ ಎಂದು ಕೇಳಿ. ಓಮ್‌ನ ನಿಯಮವನ್ನು ಪಟಪಟನೆ ಹೇಳುವವರಲ್ಲೂ ಕೆಲವರು ‘ಮೊದಲನೆಯದು, ಕರೆಂಟು ಅಲ್ಲೇ ಖರ್ಚಾಗುತ್ತದೆ’ ಎನ್ನುತ್ತಾರೆ. ಮುಂದಿನ ಬೆಂಚೂ ಹಿಂದಿನ ಬೆಂಚೂ ಆಗ ಒಂದೇ ಕಡೆ ನಿಲ್ಲುತ್ತವೆ. ಎರಡೂ ಸಮನಾಗಿ ಬೆಳಗಿದಾಗ ಕರೆಂಟು ಅಳೆಯುವ ಆಮ್ಮೀಟರನ್ನು ಬಲ್ಬುಗಳ ಮೊದಲು, ನಡುವೆ, ಕೊನೆಯಲ್ಲಿ ಇಟ್ಟು ತೋರಿಸಿ, ಅದು ತೋರಿಸುವ ಅಳತೆ ಬದಲಾಗುವುದಿಲ್ಲ. ಬಲ್ಬುಗಳು ಒಂದೇ ತರದವಾಗಿರಬೇಕು, ಇಲ್ಲದಿದ್ದರೆ ಒಂದು ಮಂಕಾಗಿ, ಕಲಿಸಬೇಕಾದದ್ದೇ ತಲೆಕೆಳಗಾಗುತ್ತದೆ. ಹಿಂದಿನ ರಾತ್ರಿ ಮನೆಯಲ್ಲಿ ನಿಮ್ಮ ಕೈಯಿಂದಲೇ ಮಾಡಿ ನೋಡದ ಯಾವ ಪ್ರಯೋಗವನ್ನೂ ತರಗತಿಗೆ ಒಯ್ಯಬೇಡಿ. ಇದೊಂದನ್ನು ಹಟ ಹಿಡಿದು ಪಾಲಿಸಿ.

ನಮ್ಮೂರಿನ ಮಂಡಕ್ಕಿ ಭಟ್ಟಿಯೂ ವಿಜ್ಞಾನದ ಪಾಠವೇ. ಕಾದ ಮರಳಿಗೆ ಬಿದ್ದ ಅಕ್ಕಿಯೊಳಗಿನ ತೇವ ಆವಿಯಾಗುತ್ತದೆ. 100 ಡಿಗ್ರಿಯಲ್ಲಿ ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೇ ಕಾಳು ಅರಳುವುದು. ಭಟ್ಟಿ ಕೆಲಸ ಬಲ್ಲ ಮನೆಯ ಮಗುವಿದ್ದರೆ ಮೊದಲು ಅದರ ಬಾಯಲ್ಲೇ ವಿವರಣೆ ಬರಲಿ. ಭಾಗಾಕಾರದಲ್ಲಿ ಸೋತ ಮಗುವೂ ಅಂದು ಇಡೀ ತರಗತಿಗೆ ಹೇಳುವಂಥದ್ದನ್ನು ತಂದಿರುತ್ತದೆ.

ಬಿ.ಇಡಿ.ಯನ್ನು ಎರಡು ವರ್ಷಕ್ಕೆ ಏರಿಸಿದ 2014ರ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ನಿಯಮಾವಳಿ ಶಾಲೆಯಲ್ಲಿ 20 ವಾರ ಇಂಟರ್ನ್‌ಶಿಪ್ ಗೊತ್ತುಮಾಡಿತು. ಮೊದಲ ದಿನಗಳನ್ನು ಪಾಠ ಒಪ್ಪಿಸಲು ಹಾತೊರೆಯದೆ, ಹಿಂದಿನ ಬೆಂಚಿನಲ್ಲಿ ಕೂತು ಹೋಂವರ್ಕ್ ಪುಸ್ತಕಗಳನ್ನು ಓದಲು ಬಳಸಿ. ನೀವು ಪಟ್ಟಿ ಮಾಡಬೇಕಾದ ತಪ್ಪುಗಳು ಅಲ್ಲೇ ಸಾಲಾಗಿ ಸಿಗುತ್ತವೆ.

ಕೆಲಸಕ್ಕೆ ಸೇರಿದ ಮೇಲೂ ಕಲಿಕೆಗೆ ದಾರಿಯಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದ್ದು, ಅಲ್ಲಿ ವಿಜ್ಞಾನ, ಗಣಿತ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಪ್ರಯೋಗಗಳನ್ನು ಶಿಕ್ಷಕರೇ ಕೈಯಾರೆ ಮಾಡುತ್ತಾರೆ. ಹೋಗುವ ಅವಕಾಶ ಬಂದರೆ ಬಿಡಬೇಡಿ.